ಬಿರಡೆ ಹಾರಿಸಿದ ಅನಿಲ

ರಾಜರ ಕಾಳಗಗಳನ್ನು ಇಸವಿ ಸಮೇತ ಬರೆದಿಟ್ಟ ಚರಿತ್ರಕಾರರು ಅಡಿಗೆಮನೆಯ ಒಲೆಯ ಕಡೆಗೆ ಕಣ್ಣು ಹಾಯಿಸಿದ್ದು ಕಡಮೆ. ಹೊಗೆಯ ಅಂಜಿಕೆಯೊ ಏನೊ! ಆದರೆ ಒಲೆಗೂ ಒಂದು ಚರಿತ್ರೆಯುಂಟು. ಅದರ ಈಚಿನ ಅಧ್ಯಾಯವೊಂದನ್ನು ಓದುಗರ ಮುಂದಿಡುವುದು ನನ್ನ ಉದ್ದೇಶ.

ಅಮೆರಿಕದಲ್ಲಿ ಮೋಟಾರು ಬಂಡಿಗಳು ಹೊಸದಾಗಿ ಬಳಕೆಗೆ ಬರುತ್ತಿದ್ದ ಕಾಲ. 1910ರಲ್ಲಿ ಅಲ್ಲಿನ ಒಬ್ಬಾತ, ತಾನು ಕೊಂಡ ಪೆಟ್ರೋಲಿನಲ್ಲಿ ಅರ್ಧದಷ್ಟು ಮನೆ ಸೇರುವ ಮೊದಲೇ ಆವಿಯಾಗಿ ಹೋಗುತ್ತದೆಂದು ದೂರಿಟ್ಟನಂತೆ. ಸರಕಾರದ ಗಣಿ ಇಲಾಖೆಯಲ್ಲಿದ್ದ ರಸಾಯನ ವಿಜ್ಞಾನಿ ವಾಲ್ಟರ್ ಸ್ನೆಲಿಂಗ್ ಗಾಜಿನ ಹೂಜಿಯೊಂದರಲ್ಲಿ ಪೆಟ್ರೋಲು ತುಂಬಿಸಿ ತಂದು ನೋಡಿದ. ಹೂಜಿಯ ಬಿರಡೆ ಮತ್ತೆ ಮತ್ತೆ ಹಾರುತ್ತಿತ್ತು! ಒಳಗಿನಿಂದ ಅದನ್ನು ತಳ್ಳುತ್ತಿದ್ದುದು ಪ್ರೊಪೇನ್, ಬ್ಯೂಟೇನ್ ಮೊದಲಾದ ಅನಿಲಗಳು. ಒತ್ತಡ ಹಾಕಿದರೆ ಇವು ದ್ರವವಾಗುತ್ತವೆ. ಒತ್ತಡ ತೆಗೆದರೆ ಅನಿಲವಾಗಿ ಸುಮಾರು 250 ಪಾಲು ಹಿಗ್ಗುತ್ತವೆ. ವಾರಗಟ್ಟಲೆಯ ಅಡಿಗೆಗೆ ಬೇಕಾಗುವ ಬೆಂಕಿಯನ್ನು ಒಂದು ಉಕ್ಕಿನ ಸಿಲಿಂಡರಿನಲ್ಲಿ ಹಿಡಿದಿಡಲು ಸಾಧ್ಯವಾದುದು ಈ ಗುಣದಿಂದಲೇ. ಪೆಟ್ರೋಲನ್ನು ಪೋಲುಮಾಡುವ ಪೀಡೆ ಎನಿಸಿದ್ದುದು ಹೀಗೆ ಇಂಧನವಾಯಿತು. 1913ರಲ್ಲಿ ಸ್ನೆಲಿಂಗ್ ತನ್ನ ವಿಧಾನಕ್ಕೆ ಪೇಟೆಂಟ್ ಪಡೆದ. ಇದೇ ನಾವು ಅಡಿಗೆ ಅನಿಲವೆನ್ನುವ ದ್ರವೀಕೃತ ಪೆಟ್ರೋಲಿಯಂ ಅನಿಲ.

ಇದರ ಉರಿ ನೀಲಿ. ಬೂದಿಯಿಲ್ಲ, ಪಾತ್ರೆಗೆ ಮಸಿಯಿಲ್ಲ. ತಿರುಪನ್ನು ತಿರುಗಿಸಿದಷ್ಟೇ ಬೆಂಕಿ. ದೋಷವೂ ಇಲ್ಲದಿಲ್ಲ. ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ನೆಲದ ಮಟ್ಟದಲ್ಲೇ ಹರಡಿ ಕಿಡಿಗಾಗಿ ಕಾದಿರುತ್ತದೆ. ಇದಕ್ಕೆ ಸ್ವಂತದ ವಾಸನೆ ಇಲ್ಲವೆಂದೇ ಹೇಳಬೇಕು. 'ಗ್ಯಾಸಿನ ವಾಸನೆ' ಎಂದು ನಾವು ಮೂಗು ಮುಚ್ಚುವುದು, ಎಚ್ಚರಿಕೆಗೆಂದೇ ಬೆರೆಸಿದ ಗಂಧಕದ ಸಂಯುಕ್ತವೊಂದರ ನಾತಕ್ಕೆ.

ನಮ್ಮ ದೇಶದಲ್ಲಿ 1955ರಲ್ಲಿ ಬರ್ಮಾ ಷೆಲ್ ಕಂಪೆನಿ ಇದನ್ನು ಮುಂಬಯಿಯ ಮನೆಗಳಿಗೆ ತಂದಿತು. 1965ರ ಅಕ್ಟೋಬರ್ 22ರಂದು ಕಲ್ಕತ್ತೆಯಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯ ಮೊದಲ 'ಇಂಡೇನ್' ಸಂಪರ್ಕ ದೊರೆಯಿತು. ಆದರೆ ಪಟ್ಟಣದಿಂದ ಹಳ್ಳಿಗೆ ದಾರಿ ಬಲು ಉದ್ದ. ಹಸಿ ಸೌದೆಗೆ ಊದುಗೊಳವೆ ಹಿಡಿದು ಊದಿ ಊದಿ ಕಣ್ಣು ಕೆಂಪಾದ, ಕೆಮ್ಮು ಬಿಡದ ಹೆಂಗಸರನ್ನು ನಾನು ಕಂಡಿದ್ದೇನೆ, ಓದುಗರೂ ಕಂಡಿರಬಹುದು. ಬಡ ಕುಟುಂಬಗಳ ಹೆಂಗಸರ ಹೆಸರಿಗೇ ಸಂಪರ್ಕ ಕೊಡುವ ಉಜ್ವಲಾ ಯೋಜನೆ ಉತ್ತರ ಪ್ರದೇಶದ ಬಲಿಯಾದಲ್ಲಿ ಆರಂಭವಾದುದು 2016ರ ಮೇ 1ರಂದು. ಮುಂಬಯಿಯಿಂದ ಅಲ್ಲಿಗೆ 61 ವರ್ಷ! 2019ರ ಸೆಪ್ಟೆಂಬರಿನಲ್ಲಿ ಅಂಥ ಸಂಪರ್ಕಗಳ ಸಂಖ್ಯೆ 8 ಕೋಟಿ ಮುಟ್ಟಿತು.

ಇದು ಸಣ್ಣ ಮಾತಲ್ಲ. ಆದರೆ ಸಂಪರ್ಕ ಒಂದು ಸಲದ್ದು, ಹಸಿವು ದಿನದಿನದ್ದು. 14.2 ಕಿಲೋಗ್ರಾಂ ಅನಿಲ ತೀರಿದ ಮೇಲೆ ಹೊಸ ಸಿಲಿಂಡರಿಗೆ ಹಣವಿಲ್ಲದಿದ್ದರೆ, ಗ್ಯಾಸಿನ ಒಲೆ ಮೂಲೆಗೆ ಸರಿದು ಸೌದೆಯ ಒಲೆ ಮತ್ತೆ ಹೊಗೆಯಾಡುತ್ತದೆ. ಯಾವ ಶೋಧನೆಯ ಚರಿತ್ರೆಯೂ ಪ್ರಯೋಗಶಾಲೆಯಲ್ಲಿ ಮುಗಿಯುವುದಿಲ್ಲ. ಬಡವಳ ಕೈಯ ಊದುಗೊಳವೆ ಅಟ್ಟಕ್ಕೇರಿ ಅಲ್ಲಿಯೇ ಉಳಿದ ದಿನ ಈ ಅಧ್ಯಾಯ ಪೂರ್ಣವಾಯಿತೆಂದು ನಾನು ಬರೆದುಕೊಳ್ಳುತ್ತೇನೆ.