ನೆಟ್‌ವರ್ಕ್ ಇಲ್ಲದ ಕಡೆ ಎಲೆಕ್ಟ್ರಿಕ್ ಕಾರಿನ ಮ್ಯಾಪ್ ಕೆಲಸ ಮಾಡುವುದಿಲ್ಲವೇ?

ಎಲೆಕ್ಟ್ರಿಕ್ ಕಾರಿನಲ್ಲಿ ಮೈಸೂರಿನಿಂದ ಊಟಿಗೆ ಹೊರಟವರಿಗೆ ವಾಟ್ಸಾಪ್ ಸಲಹೆಗಳಿಗೇನೂ ಕೊರತೆಯಿಲ್ಲ. ‘ಬಂಡೀಪುರದಲ್ಲಿ ನೆಟ್‌ವರ್ಕ್ ಸಿಗಲ್ಲ, ಕಾರಿನ ಜಿಪಿಎಸ್ ನಿಂತುಹೋಗುತ್ತೆ’ ಎನ್ನುವುದು ಒಂದು. ‘ಮ್ಯಾಪ್ ಹಾಕ್ಬೇಡಿ, ಬ್ಯಾಟರಿ ಬೇಗ ಖಾಲಿಯಾಗುತ್ತೆ’ ಎನ್ನುವುದು ಇನ್ನೊಂದು. ಎರಡೂ ತಪ್ಪು.

ಜಿಪಿಎಸ್‌ಗೆ ಇಂಟರ್ನೆಟ್ ಬೇಕಿಲ್ಲ. ಸುಮಾರು 20,200 ಕಿ.ಮೀ. ಎತ್ತರದಲ್ಲಿರುವ ಉಪಗ್ರಹಗಳು ಕಳಿಸುವ ಸಂಕೇತವನ್ನು ಕಾರು ಕೇಳಿಸಿಕೊಳ್ಳುತ್ತದೆ, ಅಷ್ಟೇ. ರೇಡಿಯೋ ಕೇಳಿದ ಹಾಗೆ. ಇಸ್ರೋದ ನಾವಿಕ್ ಕೂಡ ಹೀಗೆಯೇ. ಇಂಟರ್ನೆಟ್ ಬೇಕಾಗುವುದು ನಕ್ಷೆಯ ಚಿತ್ರ ತರಿಸಿಕೊಳ್ಳಲು, ಟ್ರಾಫಿಕ್ ತಿಳಿಯಲು, ಮುಂದಿನ ಚಾರ್ಜರ್ ಖಾಲಿ ಇದೆಯೋ ಕೆಟ್ಟಿದೆಯೋ ನೋಡಲು. ನಕ್ಷೆ ಮೊದಲೇ ಕಾರಿನಲ್ಲೋ ಫೋನಿನಲ್ಲೋ ಡೌನ್‌ಲೋಡ್ ಆಗಿದ್ದರೆ ಕಾಡಿನ ನಡುವೆಯೂ ದಾರಿ ಕಾಣುತ್ತದೆ. ಕಾರಿನ ಸಿಮ್‌ನ ಉಚಿತ ಅವಧಿ ಮುಗಿದರೂ ಇದೇ ಕಥೆ: ಲೈವ್ ಮಾಹಿತಿ ನಿಲ್ಲುತ್ತದೆ, ಜಿಪಿಎಸ್ ನಿಲ್ಲುವುದಿಲ್ಲ.

ಇನ್ನು ಬ್ಯಾಟರಿ. ಪರದೆ ಮತ್ತು ಅದರ ಕಂಪ್ಯೂಟರ್ 50 ವ್ಯಾಟ್ ಎಳೆಯುತ್ತವೆ ಎಂದುಕೊಂಡರೂ ಮೂರು ಗಂಟೆಗೆ 0.15 ಯೂನಿಟ್. ಕಾರು ಆ ವಿದ್ಯುತ್ತಿನಲ್ಲಿ ಹೆಚ್ಚೆಂದರೆ ಒಂದು ಕಿಲೋಮೀಟರ್ ಓಡೀತು.

ಹಾಗಾದರೆ ಬ್ಯಾಟರಿ ತಿನ್ನುವುದು ಯಾವುದು? ಬೆಟ್ಟ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಊಟಿ ಸುಮಾರು 2,240 ಮೀಟರ್. ಜನ ಕೂತ ಕಾರಿನ ತೂಕ 1,800 ಕೆ.ಜಿ. ಎಂದಿಟ್ಟುಕೊಳ್ಳಿ. ಅದನ್ನು 1,470 ಮೀಟರ್ ಮೇಲಕ್ಕೆತ್ತಲಿಕ್ಕೇ 7 ಯೂನಿಟ್‌ಗಿಂತ ಹೆಚ್ಚು ಬೇಕು. ಸಮತಟ್ಟಾದ ರಸ್ತೆಯಲ್ಲಿ ಅಷ್ಟರಲ್ಲಿ ಸುಮಾರು 50 ಕಿ.ಮೀ. ಹೋಗಬಹುದು! ಡ್ಯಾಶ್‌ಬೋರ್ಡ್‌ನಲ್ಲಿ ‘ಇನ್ನು 150 ಕಿ.ಮೀ.’ ಎಂದು ಕಾಣುವ ಅಂಕಿ ಸಾಮಾನ್ಯವಾಗಿ ನೀವು ಇದುವರೆಗೆ ಓಡಿಸಿದ ರೀತಿಯ ಮೇಲೆ ಹಾಕಿದ ಲೆಕ್ಕ. ಗುಂಡ್ಲುಪೇಟೆಯ ನೇರ ರಸ್ತೆ ನೋಡಿದ ಕಾರಿಗೆ ಮಸಿನಗುಡಿ ಆಚೆಯ 36 ಹೇರ್‌ಪಿನ್ ತಿರುವುಗಳ ಸುಳಿವಿರುವುದಿಲ್ಲ. (ಇಳಿಯುವಾಗ ಬ್ರೇಕಿನ ಮೂಲಕ ಸ್ವಲ್ಪ ಚಾರ್ಜ್ ವಾಪಸ್ ಬರುತ್ತದೆ, ನಿಜ. ಆದರೆ ಇಳಿಯಬೇಕಾದರೆ ಮೊದಲು ಹತ್ತಿರಬೇಕಲ್ಲ!)

ಕಾರಿನೊಳಗಿನ ನ್ಯಾವಿಗೇಶನ್ ಉತ್ತಮವಾಗಬೇಕು ಎಂದರೆ ಇದೇ ಅರ್ಥ. ಪರದೆ ದೊಡ್ಡದಾದರೆ ಸಾಲದು. ಬ್ಯಾಟರಿಯಲ್ಲಿ ಉಳಿದ ಚಾರ್ಜ್, ದಾರಿಯ ಏರಿಳಿತ, ಚಾರ್ಜರ್‌ನ ಸ್ಥಿತಿ ಮೂರನ್ನೂ ಒಟ್ಟಿಗೆ ನೋಡಿ ‘ತಲುಪುವಾಗ ಇಷ್ಟು ಶೇಕಡಾ ಉಳಿಯುತ್ತದೆ’ ಎಂದು ಹೇಳಬೇಕು. ಕೆಲವು ಕಾರುಗಳು ಈಗಾಗಲೇ ಹೇಳುತ್ತವೆ. ಫೋನಿನ ಮ್ಯಾಪ್‌ಗೆ ಸಾಮಾನ್ಯವಾಗಿ ಕಾರಿನ ಬ್ಯಾಟರಿಯ ವಿಷಯ ಗೊತ್ತಾಗುವುದಿಲ್ಲ. ಕಾರಿಗೆ ಸಂಪರ್ಕ ಕೊಡುವ ಯೋಚನೆ ನಮಗೆ ಹೊಸದೂ ಅಲ್ಲ: ಬೆಂಗಳೂರಿನ ರೇವಾ ಕಂಪನಿ 2009ರಲ್ಲೇ, ಚಾರ್ಜ್ ಮುಗಿದಾಗ ಸಹಾಯ ಕೇಂದ್ರಕ್ಕೆ ಫೋನ್ ಅಥವಾ ಎಸ್ಎಂಎಸ್ ಮಾಡಿದರೆ ದೂರದಿಂದಲೇ ಮೀಸಲು ಚಾರ್ಜ್ ಬಿಟ್ಟುಕೊಡುವ ತಂತ್ರಜ್ಞಾನವನ್ನು ತೋರಿಸಿತ್ತು. ಅದಕ್ಕೂ ನೆಟ್‌ವರ್ಕ್ ಬೇಕಿತ್ತು ಅನ್ನುವುದು ಬೇರೆ ಮಾತು.

ಆದ್ದರಿಂದ ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳುವ ಕೆಲಸ ಮನೆಯಲ್ಲೇ ಮುಗಿಯಲಿ. ಚಾರ್ಜರ್ ಕೆಲಸ ಮಾಡುತ್ತಿದೆಯೇ ಎಂದು ಕಾಡು ಶುರುವಾಗುವ ಮೊದಲೇ, ಸಿಗ್ನಲ್ ಇರುವಾಗ ಆ್ಯಪ್‌ನಲ್ಲಿ ನೋಡಿ. ಆಗಿದ್ದರೆ ಹೋಟೆಲಿಗೆ ಒಂದು ಫೋನ್ ಮಾಡಿ ಕೇಳುವುದು ಇನ್ನೂ ಒಳ್ಳೆಯದು. ಚಾರ್ಜಿಂಗ್‌ಗೆ ಹಿಡಿಯುವ ಸಮಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ, ಏಕೆಂದರೆ ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಖಾಸಗಿ ವಾಹನಗಳಿಗೆ ಮುಚ್ಚಿರುತ್ತದೆ.