ಸೂಟಿಗೆ ಹೋಗುವವರು, ರಜೆ ಕೇಳುವವರು

ಏಪ್ರಿಲ್ ಎರಡನೆಯ ವಾರದಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಶಾಲೆಗಳ ನೋಟಿಸ್ ಬೋರ್ಡಿನ ಮೇಲೆ ‘ಬೇಸಿಗೆ ರಜೆ’ ಎಂದು ಬರೆದಿರುತ್ತದೆ. ಅದನ್ನು ಓದಿದ ಹುಡುಗ ಓಣಿಗೆ ಬಂದು ಹೇಳುವುದು ‘ಸಾಲಿ ಸೂಟಿ ಬಿಟ್ರು’ ಎಂದು. ಬರೆಯುವುದೊಂದು, ಆಡುವುದೊಂದು ಎನ್ನುವುದು ಕನ್ನಡಕ್ಕೆ ಹೊಸದೇನಲ್ಲ. ಆದರೆ ಇಲ್ಲಿ ಆಡುಮಾತಿಗೆ ಗೊತ್ತಿರುವ ಒಂದು ಸಂಗತಿಯನ್ನು ಬರಹದ ಮಾತು ಮುಚ್ಚಿಡುತ್ತದೆ ಎಂಬುದು ನನ್ನ ವಾದ. ಸೂಟಿ ನಮಗೆ ಮರಾಠಿಯಿಂದ ಬಂದದ್ದು. ಅಲ್ಲಿ ‘ಸುಟಣೆ’ ಎಂದರೆ ಬಿಡುಗಡೆಯಾಗುವುದು, ಕಟ್ಟು ಸಡಿಲುವುದು. ಕೊಲ್ಹಾಪುರದ ಅಂಗಡಿಯ ಮುಂದೆ ‘ಸೂಟ್’ ಎಂಬ ಫಲಕ ತೂಗುತ್ತಿದ್ದರೆ ಒಳಗೆ ಕೋಟು ಪ್ಯಾಂಟು ಹುಡುಕಬೇಡಿ, ಅದು ರಿಯಾಯಿತಿ. ಅದೂ ಇದೇ ಬೇರಿನದು. ರಜೆ ಇನ್ನೂ ದೂರದಿಂದ ಬಂದದ್ದು. ಒಪ್ಪಿಗೆ ಎಂಬ ಅರ್ಥದ ಅರಬ್ಬಿ ಪದ ಪಾರಸಿ, ಉರ್ದು ಹಾದು ದಫ್ತರಗಳ ದಾರಿಯಲ್ಲಿ ನಮ್ಮಲ್ಲಿಗೆ ಬಂತು. ಅಂದರೆ ಒಂದು ಬಿಡುಗಡೆ, ಇನ್ನೊಂದು ಅಪ್ಪಣೆ. ಮರಾಠಿಯವರು ಇವತ್ತಿಗೂ ಎರಡನ್ನೂ ಬೇರೆಬೇರೆ ಇಟ್ಟುಕೊಂಡಿದ್ದಾರೆ: ನೌಕರ ಅರ್ಜಿ ಬರೆದು ಪಡೆಯುವುದು ರಜಾ, ಶಾಲೆಗೆ ಬಿಡುವುದು ಸುಟ್ಟಿ. ನಾವು ಮಾತ್ರ ಬರಹದಲ್ಲಿ ಎರಡನ್ನೂ ಒಂದೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿದೆವು.

ಬೇರು ಕೆದಕುವುದಕ್ಕಿಂತ ಒಂದು ಪದ ಯಾವ ಕ್ರಿಯಾಪದದ ಸಂಗಡ ಓಡಾಡುತ್ತದೆ ಎಂದು ನೋಡುವುದು ಲೇಸು. ಸೂಟಿಯನ್ನು ‘ಬಿಡುತ್ತಾರೆ’, ‘ಕೊಡುತ್ತಾರೆ’. ಮಕ್ಕಳು ಕೇಳದೆಯೇ ಅದು ಬರುತ್ತದೆ. ರಜೆಯನ್ನು ‘ಕೇಳಬೇಕು’, ‘ಹಾಕಬೇಕು’, ಆಮೇಲೆ ಅದು ‘ಮಂಜೂರಾಗಬೇಕು’. ಇನ್ನೂ ಸ್ವಾರಸ್ಯ ಇರುವುದು ವಿಭಕ್ತಿಯಲ್ಲಿ. ಸಾಹೇಬರು ‘ರಜಾ ಮ್ಯಾಲ’ ಹೋಗುತ್ತಾರೆ, ಮಕ್ಕಳು ‘ಸೂಟಿಗಿ’ ಹೋಗುತ್ತಾರೆ. ಘಟಪ್ರಭಾಕ್ಕೆ ಹೋದರು, ಯಮಕನಮರಡಿಗೆ ಹೋದರು ಎನ್ನುವ ಹಾಗೆಯೇ ಸೂಟಿಗೆ ಹೋದರು. ‘ಅಕ್ಕನ ಮಕ್ಕಳು ಸೂಟಿಗಿ ಬಂದಾರ’ ಎನ್ನುವ ಮಾತಿನಲ್ಲಿ ಸೂಟಿ ಬರೀ ಕಾಲವಲ್ಲ, ಒಂದು ಜಾಗವೂ ಹೌದು. ಆ ಜಾಗ ಯಾವುದೆಂದು ಈ ಭಾಗದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ: ಅವ್ವನ ತವರು. ಅಲ್ಲಿ ಒಬ್ಬ ಆಯಿ ಇರುತ್ತಾಳೆ. ಬಿಸಿಲು ಇಳಿಯುವತನಕ ಹುಡುಗರನ್ನು ಹೊಸ್ತಿಲು ದಾಟಲು ಬಿಡುವುದಿಲ್ಲ. ಶೇಂಗಾ ಸುಲಿಯಲು ಕೂಡಿಸುತ್ತಾಳೆ, ಹೋಳು ಮಾಡಿದ ಮಾವಿನಕಾಯಿಗೆ ಉಪ್ಪು ಖಾರ ಸವರಿ ಕೈಗಿಡುತ್ತಾಳೆ, ಜಗಳ ಬಿಡಿಸುತ್ತಾಳೆ, ಮಧ್ಯಾಹ್ನ ಕಣ್ಣು ಮುಚ್ಚಿದಾಗಲೂ ಕಿವಿ ಬಾಗಿಲ ಕಡೆಗೇ. ಇದು ದುಡಿಮೆ. ಪಗಾರವಿಲ್ಲದ, ಹಾಜರಿ ಪುಸ್ತಕವಿಲ್ಲದ ದುಡಿಮೆ. ಸೂಟಿಗೆ ಕಳಿಸುವುದೆಂದರೆ ಮಕ್ಕಳನ್ನು ಒಂದು ದುಡಿಯುವ ಕೈಯಿಂದ ಇನ್ನೊಂದು ದುಡಿಯುವ ಕೈಗೆ ದಾಟಿಸುವುದು. ಆಡುಮಾತಿಗೆ ಇದು ಗೊತ್ತು. ನೋಟಿಸ್ ಬೋರ್ಡಿನ ‘ರಜೆ’ಗೆ ಗೊತ್ತಿಲ್ಲ, ಅದು ಶಾಲೆಯ ಬಾಗಿಲು ಹಾಕಿತೆಂದರೆ ಎಲ್ಲರಿಗೂ ಬಿಡುವಾಯಿತು ಎಂದು ನಂಬಿಕೊಂಡಿದೆ.

ಬಿಡುವು ಎಷ್ಟೆಂದು ಲೆಕ್ಕ ಹಾಕಿದರೆ ಆ ನಂಬಿಕೆ ಎಷ್ಟು ಪೊಳ್ಳೆಂದು ತಿಳಿಯುತ್ತದೆ. ರಾಜ್ಯದ ಶಾಲೆಗಳಿಗೆ ಬೇಸಿಗೆ ಸೂಟಿ ಸಾಮಾನ್ಯವಾಗಿ ಏಪ್ರಿಲ್ 11ರಿಂದ ಮೇ 28ರವರೆಗೆ, ಸುಮಾರು ಏಳು ವಾರ. ದಸರೆಗೆ ಮತ್ತೆರಡು ವಾರದ ಮೇಲೆ. ಇತ್ತ 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ ವರ್ಷಕ್ಕೆ 240 ದಿನ ದುಡಿದವನಿಗೆ 20 ದಿನಕ್ಕೊಂದರಂತೆ ಸಂಬಳದ ರಜೆ ಇತ್ತು. ಮುನ್ನೂರು ದಿನ ದುಡಿದರೂ ಕೈಗೆ ಬರುತ್ತಿದ್ದದ್ದು 15. ರಾಜ್ಯದ 1963ರ ಕಾಯ್ದೆ ರಾಷ್ಟ್ರೀಯ ದಿನ, ಹಬ್ಬ ಕೂಡಿಸಿ 10 ದಿನ ಕೊಡುತ್ತದೆ, ಅದರಲ್ಲಿ ನವೆಂಬರ್ 1 ಕೂಡ ಒಂದು. 2019ರಲ್ಲಿ ನಾಲ್ಕನೆಯ ಶನಿವಾರದ ರಜೆ ಕೊಟ್ಟ ಸರ್ಕಾರ ತನ್ನ ನೌಕರರ ಸಾಂದರ್ಭಿಕ ರಜೆಯನ್ನು 15ರಿಂದ 10ಕ್ಕೆ ಇಳಿಸಿತು. ಗೋಕಾಕ ಫಾಲ್ಸಿನ ಮಿಲ್ಲು 1880ರ ದಶಕದಿಂದ ಈ ಭಾಗಕ್ಕೆ ಪಾಳಿಯ ಬದುಕು ಕಲಿಸಿತು. ಪಾಳಿಗೆ ಮಕ್ಕಳ ಸೂಟಿ ಲೆಕ್ಕಕ್ಕಿಲ್ಲ. ಸಂಕೇಶ್ವರದ ಹಿರಣ್ಯಕೇಶಿಯಂಥ ಸಕ್ಕರೆ ಕಾರ್ಖಾನೆಗಳಲ್ಲಿ ದಸರೆ, ದೀಪಾವಳಿ ಆಸುಪಾಸಿಗೆ ಕಬ್ಬು ನುರಿಸುವ ಹಂಗಾಮು ಹತ್ತಿರವಾಗುತ್ತದೆ. ಮಕ್ಕಳು ಮನೆಯಲ್ಲಿ ಉಳಿಯುವ ಹೊತ್ತಿಗೇ ಅಪ್ಪನಿಗೆ ರಜೆ ಕೇಳಲು ಬಾಯಿ ಬರದು. 2021ರಲ್ಲಿ ರಾಜ್ಯ ಸರ್ಕಾರ ಮಹಿಳಾ ನೌಕರರಿಗೆ ಇಡೀ ಸೇವಾವಧಿಗೆ 180 ದಿನಗಳ ಶಿಶುಪಾಲನಾ ರಜೆ ತಂದಿತು, ಒಳ್ಳೆಯದೇ. ಆದರೆ ಅದು ಸರ್ಕಾರಿ ನೌಕರಿಯವರಿಗೆ, ಅದರಲ್ಲೂ ಆಗ ಹೆಂಗಸರಿಗೆ. ಮಕ್ಕಳ ಸೂಟಿ ಯಾರ ತಲೆಯ ಮೇಲಿನ ಭಾರ ಎಂಬುದನ್ನು ಆ ಆದೇಶ ತನಗರಿಯದೆ ಹೇಳಿಬಿಟ್ಟಿದೆ.

ಪದಗಳ ಕಲಸುಮೇಲೋಗರ ಎಲ್ಲಿ ಚುರುಕು ಮುಟ್ಟಿಸುತ್ತದೆ ಎಂದು ನೋಡಬೇಕಾದರೆ ಸಾಲಿ ಮಾಸ್ತರರ, ಅಕ್ಕೋರ ಮನೆಗೆ ಬರಬೇಕು. ‘ಅವರಿಗೇನ್ರಿ, ಮಕ್ಕಳ ಸೂಟಿ ಅವರಿಗೂ ಸೂಟಿ’ ಎಂಬ ಮಾತು ಬಸ್ ಸ್ಟ್ಯಾಂಡಿನಿಂದ ಸಂತೆಯವರೆಗೆ ಕೇಳಿಬರುತ್ತದೆ. ಸರ್ಕಾರದ ಲೆಕ್ಕವೂ ಅದೇ. ಉಳಿದ ನೌಕರರಿಗೆ ವರ್ಷಕ್ಕೆ 30 ದಿನ ಗಳಿಕೆ ರಜೆ ಇದ್ದರೆ ಶಿಕ್ಷಕರಿಗೆ 10. ಮಿಕ್ಕಿದ್ದು ಸೂಟಿಯಲ್ಲಿ ಜಮಾ. 2025ರ ದಸರೆಯಲ್ಲಿ ಆದದ್ದನ್ನು ನೆನೆಯಿರಿ. ಸೆಪ್ಟೆಂಬರ್ 20ರಂದು ಸೂಟಿ ಬಿಟ್ಟಿತು; 22ರಂದು ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಶುರುವಾಯಿತು, ಮನೆಮನೆ ತಿರುಗಿದವರು ಹೆಚ್ಚಾಗಿ ಶಿಕ್ಷಕರೇ. ಕೆಲಸ ಮುಗಿಯಲಿಲ್ಲವೆಂದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಸೂಟಿಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಹಾಗೆ ಮಕ್ಕಳಿಗೆ ಸೂಟಿ ಬೆಳೆದದ್ದೇ ಅಕ್ಕೋರಿಗೆ ಕೆಲಸ ಬೆಳೆದದ್ದರಿಂದ. ಖಾಸಗಿ ಶಾಲೆಗಳು ಮಾತ್ರ ಮೊದಲಿನ ತಾರೀಖಿಗೇ ಬಾಗಿಲು ತೆಗೆದವು. ಮಗ ಸರ್ಕಾರಿ ಶಾಲೆ, ಮಗಳು ಇಂಗ್ಲಿಷ್ ಮೀಡಿಯಂ, ತಾಯಿ ಗಣತಿದಾರ್ತಿ ಎನ್ನುವ ಮನೆ ಈ ತಾಲ್ಲೂಕುಗಳಲ್ಲಿ ಅಪರೂಪದ್ದೇನಲ್ಲ. ಅಂಥ ಮನೆಯಲ್ಲಿ ಅದೇ ಅಕ್ಟೋಬರ್ 10ನೇ ತಾರೀಖನ್ನು ಏನೆಂದು ಕರೆಯಬೇಕು? ಸೂಟಿಯಲ್ಲಿ ದುಡಿಸಿಕೊಂಡರೆ ಪ್ರತಿಯಾಗಿ ಗಳಿಕೆ ರಜೆ ಕೊಡುವ ನಿಯಮವಿದೆ, ನಿಜ. ಆ ರಜೆ ಕೈಗೆ ಬರುವುದು ಮಕ್ಕಳು ಶಾಲೆಗೆ ಮರಳಿದ ಮೇಲೆ.

ಗಡಿಯ ಮಾತನ್ನೂ ಇಲ್ಲೇ ಹೇಳಬೇಕು. ಹುಕ್ಕೇರಿ, ಸಂಕೇಶ್ವರದ ಕಡೆಯ ಬೀಗತನ ಗಡಹಿಂಗ್ಲಜ, ಕೊಲ್ಹಾಪುರದವರೆಗೆ ಹರಡಿದೆ. ನಮ್ಮ ಮಕ್ಕಳಿಗೆ ಏಪ್ರಿಲ್ ನಡುವಿಗೇ ಸೂಟಿ, ಮೇ ಕೊನೆಗೆ ಶಾಲೆ. ಅಲ್ಲಿಯವರಿಗೆ ಮೇ ತಿಂಗಳ ಹೊತ್ತಿಗೆ ಸೂಟಿ, ಜೂನ್ ನಡುವಿಗೆ ಶಾಲೆ. ಇಲ್ಲಿ ದಸರೆಗೆ ಬಿಟ್ಟರೆ ಅಲ್ಲಿ ದೀಪಾವಳಿಗೆ. ಒಂದೇ ಅಜ್ಜಿಯ ಮೊಮ್ಮಕ್ಕಳು ಒಂದೆಡೆ ಸೇರಲು ಮೇ ತಿಂಗಳೊಂದೇ ಉಳಿಯುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು, ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೋಗುವ ತಾಯಿಗೆ ಬಸ್ ಚಾರ್ಜು ಉಳಿಯಿತು. ತವರು ಗಡಿಯಾಚೆ ದೂರದಲ್ಲಿದ್ದರೆ ಆ ಸವಲತ್ತು ಪೂರ್ತಿ ಸಿಗದು. ಪ್ರವಾಸದ ತಾಳವೂ ಹೀಗೇ ತಪ್ಪುತ್ತದೆ. ಗೋಕಾಕ ಫಾಲ್ಸು ಮೈದುಂಬಿ ಬೀಳುವುದು ಜುಲೈ, ಆಗಸ್ಟಿನಲ್ಲಿ, ಮಕ್ಕಳು ಕಿರುಪರೀಕ್ಷೆ ಬರೆಯುವಾಗ. ಮೇ ತಿಂಗಳಲ್ಲಿ ತೂಗುಸೇತುವೆಯಿಂದ ಬಗ್ಗಿದರೆ ಕಾಣುವುದು ಬಹುಪಾಲು ಬಂಡೆ. ಬೇಸಿಗೆಗೇ ಹೇಳಿ ಮಾಡಿಸಿದ ನೋಟವೊಂದು ಹಿಡಕಲ್ ಜಲಾಶಯದಲ್ಲಿದೆ: ನೀರು ಇಳಿದಾಗ ಮುಳುಗಿದ್ದ ಹುನ್ನೂರಿನ ವಿಠ್ಠಲ ಗುಡಿ ಮೇಲೆದ್ದು ಕಾಣುತ್ತದೆ. ಅಷ್ಟಾದರೂ ಪ್ರಕೃತಿ ಶಿಕ್ಷಣ ಇಲಾಖೆಯ ಜೊತೆ ಹೊಂದಿಕೊಂಡಿದೆ.

ಸೂಟಿ ಬೇರೆ, ರಜೆ ಬೇರೆ ಎಂಬ ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಭಾಷೆಯದು. ಗೋಕಾಕದ ಜನ ಸೂಟಿ, ರಜೆ ಎರಡನ್ನೂ ಅದಲುಬದಲು ಬಳಸುತ್ತಾರೆ, ಬ್ಯಾಂಕಿಗೂ ಸೂಟಿ ಎನ್ನುತ್ತಾರೆ, ಕೆಲಸಕ್ಕೂ ‘ಸೂಟಿ ಮಾಡೀನಿ’ ಎನ್ನುತ್ತಾರೆ. ಹೀಗಿರುವಾಗ ಇಷ್ಟು ಗೆರೆ ಕೊರೆಯುವುದು ಪಂಡಿತರ ಹಟವಲ್ಲವೇ? ಬಳಕೆ ಹಾಗಿರುವುದು ನಿಜ. ಆದರೆ ‘ಸೂಟಿ ಮಾಡೂದು’ ಎಂದರೇನೆಂದು ಕೂಲಿಗೆ ಹೋಗುವವರನ್ನು ಕೇಳಿ: ಆ ದಿನದ ಪಗಾರ ಹೋಯಿತು ಎಂದೇ ಅರ್ಥ. ಬಿಟ್ಟ ಸೂಟಿ ಬೇರೆ, ಮಾಡಿದ ಸೂಟಿ ಬೇರೆ. ಮೊದಲನೆಯದಕ್ಕೆ ಕಾಸು ಕಳೆಯುವುದಿಲ್ಲ, ಎರಡನೆಯದಕ್ಕೆ ಕಳೆಯುತ್ತದೆ. ಪದ ಒಂದೇ ಆದಾಗಲೂ ಗೆರೆ ಅಳಿಸಿಲ್ಲ, ಕ್ರಿಯಾಪದದ ಬೆನ್ನಿಗೆ ಸರಿದಿದೆ, ಅಷ್ಟೆ. ಎರಡನೆಯ ಆಕ್ಷೇಪ ತೂಕದ್ದು. ಇದೆಲ್ಲ ಪಗಾರದವರ ಕೊರಗು, ಹೊಲಮನಿಯವರಿಗೆ ರಜೆಯೇ ಇಲ್ಲ, ಅವರ ಮಕ್ಕಳು ಅವ್ವನ ಬೆನ್ನು ಹತ್ತಿ ಹೊಲಕ್ಕೆ ಹೋಗಿ ಬೆಳೆದಿಲ್ಲವೇ ಎನ್ನುವವರುಂಟು. ಬೆಳೆದಿದ್ದಾರೆ. ಆದರೆ ಬೇಸಿಗೆ ಸೂಟಿಯಲ್ಲಿ ಈಜಲು ಹೋಗಿ ಕಾಲುವೆ, ಕೃಷಿಹೊಂಡಗಳಲ್ಲಿ ಮುಳುಗಿದ ಮಕ್ಕಳ ಸುದ್ದಿ ವರ್ಷ ವರ್ಷವೂ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬರುತ್ತದೆ, ಅವರಲ್ಲಿ ಕಣ್ಣಿಡುವವರು ದುಡಿಯಲು ಹೋದ ಮನೆಯವರೂ ಇರುತ್ತಾರೆ. ರಜೆಯೇ ಇಲ್ಲದವರಿಗೆ ಸೂಟಿ ಹಗುರವಲ್ಲ, ಇನ್ನೂ ಭಾರ. ಹಾಗಾದರೆ ಸೂಟಿಯನ್ನೇ ಕಡಿಮೆ ಮಾಡಿ ಎನ್ನುವುದು ಮೂರನೆಯ ಮಾತು. ಮೇ ತಿಂಗಳ ಮಧ್ಯಾಹ್ನ ತಗಡಿನ ಚಾವಣಿಯ ಕೋಣೆಯಲ್ಲಿ ಒಂದು ತಾಸು ಕೂತು ಆಮೇಲೆ ಆ ಮಾತು ಆಡಲಿ.

ಆಯಿ ಇನ್ನೂ ಇದ್ದಾಳಲ್ಲ ಎಂದರೆ, ಇದ್ದಾಳೆ. ಆದರೆ ತವರಿನ ಮನೆಯ ಸೊಸೆಯೂ ಈಗ ಬ್ಯಾಂಕಿನಲ್ಲೋ ಅಂಗನವಾಡಿಯಲ್ಲೋ ದುಡಿಯುತ್ತಾಳೆ, ಅವಳ ಮಕ್ಕಳಿಗೂ ಅದೇ ಏಳು ವಾರ ಸೂಟಿ, ಅವರನ್ನೂ ನೋಡುವವಳು ಅದೇ ಆಯಿ. ಕಟ್ಟಕಡೆಗೆ ಎಲ್ಲರ ಸೂಟಿಯೂ ಒಬ್ಬ ಮುದುಕಿಯ ಮೊಣಕಾಲಿನ ಮೇಲೆ ಬಂದು ಕೂರುತ್ತದೆ. ಮನೆಯಾಚೆ ಒಂದು ಜಾಗ ಬೇಕು, ಮತ್ತು ಅದಕ್ಕೆ ಹೊಸ ಕಟ್ಟಡ ಬೇಕಿಲ್ಲ. 2024ರ ಬೇಸಿಗೆಯಲ್ಲಿ ಬರ ಬಿದ್ದಾಗ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ಸೂಟಿಯಲ್ಲೂ ಬಿಸಿಯೂಟ ಬಡಿಸಿದರು; ಮನಸ್ಸು ಮಾಡಿದರೆ ಶಾಲೆಯ ಗೇಟು ಏಪ್ರಿಲ್ ಕಳೆದರೂ ತೆರೆಯುತ್ತದೆ ಎಂಬುದಕ್ಕೆ ಅದೇ ಸಾಕ್ಷಿ. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳು ಕೆಲ ವರ್ಷಗಳಿಂದ ಮಕ್ಕಳಿಗೆ ಬೇಸಿಗೆ ಶಿಬಿರ ನಡೆಸುತ್ತಿವೆ. ಉದ್ಯೋಗ ಖಾತ್ರಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗೆ ‘ಕೂಸಿನ ಮನೆ’ ಬಂದಿದೆ. ಹೆಸರೂ ಚೆನ್ನಾಗಿದೆ, ಆದರೆ ನಾಲ್ಕನೆಯ ಇಯತ್ತೆಯ ಹುಡುಗನಿಗೆ ಅಲ್ಲಿ ಜಾಗವಿಲ್ಲ. ಶಿಬಿರಗಳು ಬೇಗ ಮುಗಿಯುತ್ತವೆ, ಸೂಟಿ ಮುಗಿಯುವುದಿಲ್ಲ. ನೋಟಿಸ್ ಬೋರ್ಡಿನ ಮೇಲೆ ರಜೆ ಎಂದೇ ಬರೆಯಲಿ, ಅಡ್ಡಿಯಿಲ್ಲ, ಬೆಂಗಳೂರಿನವರಿಗೂ ತಿಳಿಯಬೇಕಲ್ಲ. ಮುಂದಿನ ಏಪ್ರಿಲಿಗೆ ಅದರ ಕೆಳಗೆ ಇನ್ನೊಂದು ಸಾಲು ಇರಲಿ: ಊರಿನ ಅರಿವು ಕೇಂದ್ರ ಬೆಳಿಗ್ಗೆ ಎಷ್ಟಕ್ಕೆ ತೆಗೆಯುತ್ತದೆ, ಸಂಜೆ ಎಷ್ಟರವರೆಗೆ ಇರುತ್ತದೆ, ಬೀಗದ ಕೈ ಯಾರ ಹತ್ತಿರ ಇದೆ.