ಹಡಗಿನ ಬಾವುಟ ಸುಳ್ಳು ಹೇಳಿದಾಗ

ನಡುಗಡಲಿನಲ್ಲಿ ಎದುರಾದ ಹಡಗು ಯಾರದು? ರೇಡಿಯೋ ಬರುವ ಮುನ್ನ ಈ ಪ್ರಶ್ನೆಗೆ ಉತ್ತರ ಕೊಡುತ್ತಿದ್ದುದು ಬಾವುಟ. ಹಡಗಿನ ದೇಶ, ಕಂಪನಿ, ಅದು ಹೊರಟ ದಿಕ್ಕು ಎಲ್ಲವನ್ನೂ ಬಣ್ಣದ ಬಟ್ಟೆಗಳೇ ತಿಳಿಸುತ್ತಿದ್ದವು.

ಟೈಟಾನಿಕ್ ಹಡಗನ್ನೇ ನೋಡಬಹುದು. 1912ರ ಏಪ್ರಿಲ್ 10ರಂದು ಇಂಗ್ಲೆಂಡಿನ ಸೌತಾಂಪ್ಟನ್ ಬಂದರಿನಿಂದ ಹೊರಟ ಈ ಹಡಗಿನ ಮೇಲೆ ವೈಟ್ ಸ್ಟಾರ್ ಕಂಪನಿಯ ಬಾವುಟವಿತ್ತು. ಕೆಂಪು ಬಟ್ಟೆಯಲ್ಲಿ ಬಿಳಿ ನಕ್ಷತ್ರ ಅದರ ಗುರುತು. ಮುಂದಿನ ಕಂಬದಲ್ಲಿ ಅಮೆರಿಕದ ಧ್ವಜ ಹಾರುತ್ತಿತ್ತು. ಹಡಗು ಅಮೆರಿಕಕ್ಕೆ ಹೊರಟಿದೆ ಎಂದಷ್ಟೇ ಅದರ ಅರ್ಥ. ಹಡಗಿನ ಸ್ವಂತ ದೇಶವನ್ನು ಸಾರುವ ಧ್ವಜದ ಸ್ಥಾನ ಹಿಂಭಾಗ. ಬ್ರಿಟನ್ನಿನ ವಾಣಿಜ್ಯ ಹಡಗುಗಳು ಅಲ್ಲಿ ಸಾಮಾನ್ಯವಾಗಿ ಕೆಂಪು ಧ್ವಜ ಹಾರಿಸುತ್ತಿದ್ದವು. ಟೈಟಾನಿಕ್‌ನದು ನೀಲಿ. ಕ್ಯಾಪ್ಟನ್ ಎಡ್ವರ್ಡ್ ಸ್ಮಿತ್ ನೌಕಾಪಡೆಯ ಮೀಸಲು ಅಧಿಕಾರಿಯಾಗಿದ್ದುದರಿಂದ ಆ ಗೌರವ ದೊರೆತಿತ್ತು.

ಹೀಗೆ ಹಾರಿಸಿದ ಧ್ವಜವನ್ನು ನೋಡಿದವರು ನಂಬಬೇಕು. ಮೊದಲ ಮಹಾಯುದ್ಧದಲ್ಲಿ ಈ ನಂಬಿಕೆಗೇ ಪೆಟ್ಟು ಬಿತ್ತು.

1915ರ ಫೆಬ್ರುವರಿ 4ರಂದು ಜರ್ಮನಿ ಬ್ರಿಟನ್ ಸುತ್ತಲಿನ ಸಮುದ್ರವನ್ನು ಯುದ್ಧವಲಯವೆಂದು ಸಾರಿತು. ಬ್ರಿಟಿಷ್ ಹಡಗುಗಳು ಪರದೇಶಗಳ ಧ್ವಜವನ್ನು ದುರುಪಯೋಗ ಮಾಡುತ್ತಿರುವುದರಿಂದ ತಟಸ್ಥ ರಾಷ್ಟ್ರಗಳ ಹಡಗುಗಳಿಗೂ ಅಪಾಯ ತಪ್ಪಿದ್ದಲ್ಲ ಎಂದು ಎಚ್ಚರಿಸಿತು. ಎರಡೇ ದಿನಗಳಲ್ಲಿ ಬ್ರಿಟನ್ನಿನ ಪ್ರಯಾಣಿಕ ಹಡಗು ಲುಸಿಟಾನಿಯಾ ಅಮೆರಿಕದ ಧ್ವಜ ಹಾರಿಸಿಕೊಂಡು ಐರಿಷ್ ಸಮುದ್ರ ದಾಟಿ ಲಿವರ್‌ಪೂಲ್ ಸೇರಿತು. ಆಗ ಅಮೆರಿಕ ತಟಸ್ಥ ರಾಷ್ಟ್ರ. ಶತ್ರುವಿನ ಕಣ್ಣು ತಪ್ಪಿಸಲು ಇದು ಹಿಂದಿನಿಂದ ಬಂದ ತಂತ್ರ ಎಂದು ಬ್ರಿಟನ್ ಸಮರ್ಥಿಸಿಕೊಂಡಿತು. ಅಮೆರಿಕ ಆಕ್ಷೇಪಿಸಿತು. ಕಂಡವರೆಲ್ಲ ತನ್ನ ಧ್ವಜ ಏರಿಸಿದರೆ ತನ್ನ ನಿಜವಾದ ಹಡಗುಗಳ ಗತಿಯೇನು ಎಂಬುದು ಅದರ ಆತಂಕ.

ಅದೇ ವರ್ಷ ಮೇ 7ರಂದು ಐರ್ಲೆಂಡಿನ ದಕ್ಷಿಣ ಕರಾವಳಿಯ ಬಳಿ ಜರ್ಮನಿಯ ಯು-20 ಜಲಾಂತರ್ಗಾಮಿಯ ಟಾರ್ಪೆಡೊ ಬಡಿದು ಲುಸಿಟಾನಿಯಾ 18 ನಿಮಿಷಗಳಲ್ಲಿ ಮುಳುಗಿತು. ಸುಮಾರು 1,200 ಮಂದಿ ಸತ್ತರು. ಅವರಲ್ಲಿ 120ಕ್ಕೂ ಹೆಚ್ಚು ಮಂದಿ ಅಮೆರಿಕನ್ನರು. ನೀರಿನಡಿಯಿಂದ, ಎಚ್ಚರಿಕೆ ಕೊಡದೆ ಹೊಡೆಯುವ ಯುದ್ಧದಲ್ಲಿ ಯಾವ ಧ್ವಜವೂ ರಕ್ಷೆಯಾಗಿ ಉಳಿದಿರಲಿಲ್ಲ.

ಎರಡನೆಯ ಮಹಾಯುದ್ಧದ ಹೊತ್ತಿಗೆ ಕಂಬದ ಮೇಲಿನ ಬಾವುಟವೊಂದೇ ಸಾಲದಾಯಿತು. ತಟಸ್ಥ ಸ್ವೀಡನ್ನಿನ ಗ್ರಿಪ್ಸ್‌ಹೋಮ್ ಹಡಗಿನ ಮೈಮೇಲೆ ಅದರ ಹೆಸರು, ದೇಶದ ಹೆಸರು ಮತ್ತು ‘ಡಿಪ್ಲೊಮಾಟ್’ ಎಂಬ ಪದವನ್ನು ಭಾರಿ ಅಕ್ಷರಗಳಲ್ಲಿ ಬರೆಯಲಾಗಿತ್ತು. ರಾತ್ರಿ ಅವು ಕಾಣುವಂತೆ ದೀಪ ಉರಿಸುತ್ತಿದ್ದರು. 1943ರ ಅಕ್ಟೋಬರಿನಲ್ಲಿ ಈ ಹಡಗು ಕಾರವಾರದ ಉತ್ತರಕ್ಕಿರುವ, ಆಗ ಪೋರ್ಚುಗೀಸರ ವಶದಲ್ಲಿದ್ದ ಗೋವೆಯ ಮರ್ಮಗೋವಾ ಬಂದರಿಗೆ ಬಂತು. ಬಿಳಿ ಶಿಲುಬೆಯ ಗುರುತು ಹೊತ್ತ ಜಪಾನಿನ ತೆಯಾ ಮಾರು ಹಡಗೂ ಅಲ್ಲಿಗೆ ಬಂತು. ಯುದ್ಧದಲ್ಲಿ ಪರದೇಶದಲ್ಲಿ ಸಿಕ್ಕಿಬಿದ್ದಿದ್ದ ತಲಾ ಸುಮಾರು 1,500 ಮಂದಿ ಒಂದು ಹಡಗಿನಿಂದ ಇನ್ನೊಂದಕ್ಕೆ ಹತ್ತಿದರು.

ಆ ಬಣ್ಣ, ಅಕ್ಷರ, ದೀಪಗಳ ಹಿಂದೆ ಎರಡೂ ಕಡೆಯವರು ಮೊದಲೇ ಕೊಟ್ಟಿದ್ದ ಮಾತಿತ್ತು. ಮಾತು ಉಳಿಯಿತು, ಎರಡು ಹಡಗುಗಳೂ ತಮ್ಮವರನ್ನು ಹೊತ್ತು ದಡ ಸೇರಿದವು.